ಡೆಡ್‌ಲಿಫ್ಟ್: 120 ಕೆಜಿ ದಾಟಿದರೆ ಬಾರ್ ಕೈಯಿಂದ ಜಾರುತ್ತಿದೆ, ಯಾವ ಗ್ರಿಪ್ ಹಿಡಿಯಲಿ?

ಪ್ರಶ್ನೆ:
ಎಂಟು ತಿಂಗಳಿಂದ ಡೆಡ್‌ಲಿಫ್ಟ್ (ನೆಲದ ಮೇಲಿನ ಬಾರ್ ಎತ್ತಿ ನೆಟ್ಟಗೆ ನಿಲ್ಲುವುದು) ಮಾಡುತ್ತಿದ್ದೇನೆ. ಎರಡೂ ಕೈ ಮೇಲಿನಿಂದ ಹಿಡಿದು 120 ಆರಾಮಾಗಿ ಎತ್ತುತ್ತೇನೆ. 130 ಹಾಕಿದರೆ ಮೂರನೇ ರೆಪ್‌ಗೆ (ಮೂರನೇ ಸಲ ಎತ್ತುವಾಗ) ಬಲಗೈ ಕಿರುಬೆರಳು ಬಿಚ್ಚಿಕೊಳ್ಳುತ್ತದೆ, ಹಿಂದೆಯೇ ಉಂಗುರಬೆರಳು. ಕಾಲು, ಬೆನ್ನಲ್ಲಿ ಇನ್ನೂ ಶಕ್ತಿ ಇರುತ್ತದೆ. ಗ್ಲೌಸ್ ಹಾಕಿದರೂ ಅಷ್ಟೇ. ಸ್ಟ್ರಾಪ್ (ಮಣಿಕಟ್ಟಿನಿಂದ ಬಾರ್‌ಗೆ ಸುತ್ತುವ ಪಟ್ಟಿ) ತಗೊಳ್ಳಲಾ ಅಣ್ಣಾ? ಮುಂದಿನ ವರ್ಷ ಪವರ್‌ಲಿಫ್ಟಿಂಗ್ ಸ್ಪರ್ಧೆಗೆ ಇಳಿಯೋ ಆಸೆ ಇದೆ.

ಉತ್ತರ:
ಸ್ಪರ್ಧೆ ಅಂದಿರಲ್ಲ, ಅಲ್ಲಿಗೆ ಸ್ಟ್ರಾಪ್ ಮಾತು ಮುಗಿಯಿತು. ಐಪಿಎಫ್ (ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟ) ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ.

ಮೊದಲು ಗ್ಲೌಸ್ ತೆಗೆದಿಡಿ. ಅದರಿಂದ ಹಿಡಿತ ದಪ್ಪವಾಗುತ್ತದೆ, ಬೆರಳು ಪೂರ್ತಿ ಸುತ್ತುವುದಿಲ್ಲ. ಬರಿಗೈಗೆ ಚಾಕ್ ಹಚ್ಚಿ. ಮೆಗ್ನೀಸಿಯಂ ಕಾರ್ಬೊನೇಟ್ ಬೇಕು, ಸ್ಕೂಲಿನ ಸೀಮೆಸುಣ್ಣ ಅಲ್ಲ. ಜಿಮ್‌ನಲ್ಲಿ ಪುಡಿಗೆ ಬೈದರೆ ಲಿಕ್ವಿಡ್ ಚಾಕ್ ತಗೊಳ್ಳಿ. ಬಾರ್ ಮೇಲಿನ ತರಿ ಸವೆದು ನುಣ್ಣಗಾಗಿದೆಯಾ ಅಂತಲೂ ನೋಡಿ. ಹಾಗಿದ್ದರೆ ಬೇರೆ ಬಾರ್ ಹಿಡಿಯಿರಿ.

ಆಮೇಲೆ, ಬಾರ್ ಅಂಗೈಯಲ್ಲಿ ಎಲ್ಲಿ ಕೂರುತ್ತಿದೆ? ನಡು ಅಂಗೈಯಲ್ಲಿ ಹಿಡಿದರೆ ಎತ್ತುವಾಗ ಅದು ಬೆರಳ ಬುಡಕ್ಕೆ ಇಳಿದೇ ಇಳಿಯುತ್ತದೆ. ಮಧ್ಯದ ಚರ್ಮ ಮಡಚಿಕೊಂಡು ಜಡ್ಡು ಕಟ್ಟುತ್ತದೆ. ಮೊದಲೇ ಬೆರಳ ಬುಡದಲ್ಲೇ ಹಿಡಿಯಿರಿ.

ಇಷ್ಟಾದರೂ ಜಾರಿದರೆ ಎರಡು ದಾರಿ. ಮಿಕ್ಸೆಡ್ ಗ್ರಿಪ್‌ನಲ್ಲಿ ಒಂದು ಅಂಗೈ ನಿಮ್ಮ ಕಡೆ, ಇನ್ನೊಂದು ಮುಂದಕ್ಕೆ. ಒಂದು ಕೈಯಿಂದ ಉರುಳಿ ಹೊರಟ ಬಾರ್ ಇನ್ನೊಂದು ಕೈಯ ಒಳಕ್ಕೇ ಉರುಳುತ್ತದೆ, ಅದಕ್ಕೇ ನಿಲ್ಲುತ್ತದೆ. ಆದರೆ ಮುಂದಕ್ಕೆ ತಿರುಗಿಸಿದ ಕೈಯನ್ನು ಮಡಚಿ ಎಳೆಯಲೇಬೇಡಿ. ಬೈಸೆಪ್ಸ್ (ತೋಳಿನ ಮುಂದಿನ ಸ್ನಾಯು) ಮೊಣಕೈ ಹತ್ತಿರ ಕಿತ್ತು ಬರುವ ಅಪಾಯ ನಿಜವಾಗಿಯೂ ಇದೆ.

ಹುಕ್ ಗ್ರಿಪ್‌ನಲ್ಲಿ ಹೆಬ್ಬೆರಳು ಬಾರ್‌ಗೆ ಒತ್ತಿ, ಅದರ ಮೇಲೆ ತೋರುಬೆರಳು, ನಡುಬೆರಳು ಬಿಗಿಯಬೇಕು. ವೇಟ್‌ಲಿಫ್ಟರ್‌ಗಳು ಸ್ನ್ಯಾಚ್‌ಗೆ (ಬಾರನ್ನು ಒಂದೇ ಸಲಕ್ಕೆ ತಲೆಯ ಮೇಲೆ ಎತ್ತುವುದು) ಹಿಡಿಯುವುದು ಹೀಗೇ. ನೋಯುತ್ತದೆ, ಸುಳ್ಳು ಹೇಳಲ್ಲ. ಆದರೆ ಎರಡೂ ಭುಜ ಸಮವಾಗಿರುತ್ತವೆ. ನಿಮಗೆ ಒಂದು ವರ್ಷ ಟೈಮ್ ಇದೆ, ನಾನಾದರೆ ಇದನ್ನೇ ಕಲಿಯಲು ಹೇಳುತ್ತೇನೆ. ಬೆರಳು ತೀರಾ ಗಿಡ್ಡ ಇದ್ದರೆ ಮಾತ್ರ ಮಿಕ್ಸೆಡ್. ಹುಕ್ ಅನ್ನು 60 ಕೆಜಿಯಿಂದ ಶುರು ಮಾಡಿ.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ:
ಚಾಕ್ ಹಚ್ಚಿ, ಹಿಡಿಯುವ ಜಾಗ ಬದಲಿಸಿದ್ದಕ್ಕೇ 130 ಐದು ರೆಪ್ ಬಂತು ಅಣ್ಣಾ! ಹುಕ್‌ನಲ್ಲಿ 100ರವರೆಗೆ ಬಂದಿದ್ದೇನೆ. ಹೆಬ್ಬೆರಳ ಉಗುರಿನ ಪಕ್ಕ ಚರ್ಮ ಸುಲಿದಿದೆ.

ಉತ್ತರ:
ತುಂಬಾ ಖುಷಿಯಾಯಿತು. ಸುಲಿದದ್ದು ಮಾಯುವವರೆಗೆ ಹುಕ್ ನಿಲ್ಲಿಸಿ, ಆಮೇಲೆ ಹೆಬ್ಬೆರಳಿಗೆ ಟೇಪ್ ಸುತ್ತಿ ಶುರು ಮಾಡಿ. ವಾರ್ಮ್‌ಅಪ್ ಮಾತ್ರ ಮಾಮೂಲಿ ಹಿಡಿತದಲ್ಲೇ ಇರಲಿ, ಬೆರಳಿಗೂ ಬಲ ಬರಬೇಕಲ್ವಾ.