ಸಣ್ಣ ದೋಣಿಗಳ ವಿನ್ಯಾಸ, ತಯಾರಿಕೆ ಓದಬೇಕೆಂದಿದ್ದೇನೆ: ಎರಡು ಕೋರ್ಸುಗಳಲ್ಲಿ ಯಾವುದು?

ಹುಟ್ಟುಗೋಲು ಕೇಳಿದ ಪ್ರಶ್ನೆ

ನಮಸ್ಕಾರ. ನನಗೆ ಹದಿನೆಂಟು ವರ್ಷ. ಕಳೆದ ಎರಡು ರಜೆಗಳಲ್ಲಿ ಅಪ್ಪನೂ ನಾನೂ ಸೇರಿ 4 ಮಿಲಿಮೀಟರ್ ಪ್ಲೈವುಡ್ಡಿನಿಂದ ಒಂದು ಕಯಾಕ್, ಅಂದರೆ ಕುಳಿತು ಹುಟ್ಟು ಹಾಕುವ ಕಿರಿದಾದ ದೋಣಿ, ಕಟ್ಟಿದೆವು. ಹಲಗೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಒಳಗಿನಿಂದ ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳ ಮೆತ್ತಿ, ಆಮೇಲೆ ತಂತಿ ಕತ್ತರಿಸಿ ಗಾಜಿನ ನಾರಿನ ಬಟ್ಟೆ ಹೊದಿಸುವ ವಿಧಾನ. ನೀರಿಗೆ ಇಳಿಸಿದ ದಿನ ಅದು ನೇರವಾಗಿ ಸಾಗಿತು, ಸೋರಲಿಲ್ಲ. ಆ ದಿನದಿಂದ ಬೇರೆ ಏನನ್ನೂ ಓದುವ ಮನಸ್ಸಿಲ್ಲ.

ಈಗ ಎರಡು ಕಡೆ ಪ್ರವೇಶ ಸಿಗುವಂತಿದೆ. ಒಂದು ನಾಲ್ಕು ವರ್ಷದ ನೌಕಾ ವಾಸ್ತುಶಿಲ್ಪ. ಅಲ್ಲಿ ಹೆಚ್ಚಿನದೆಲ್ಲ ದೊಡ್ಡ ಹಡಗುಗಳ ಪಾಠ, ತುಂಬಾ ಗಣಿತ. ಇನ್ನೊಂದು ಮೂರು ವರ್ಷದ್ದು: ಕಯಾಕ್, ಸರ್ಫ್ ಹಲಗೆ, ಪುಟ್ಟ ಹಾಯಿದೋಣಿಗಳ ವಿನ್ಯಾಸ ಮತ್ತು ತಯಾರಿಕೆ. ಅಲ್ಲಿ ವಾರಕ್ಕೆ ಎರಡು ದಿನ ಕಾರ್ಯಾಗಾರ. ಮನಸ್ಸು ಎರಡನೆಯದರತ್ತ ಎಳೆಯುತ್ತಿದೆ. ಆದರೆ ಮನೆಯಲ್ಲಿ, "ಕೈಗೆಲಸ ಕಲಿಯಲು ವಿಶ್ವವಿದ್ಯಾಲಯ ಏಕೆ?" ಎನ್ನುತ್ತಾರೆ. ಈ ಹಾದಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ನೀರ್ಗೆರೆ ಬರೆದ ಉತ್ತರ

ನಾನು ಮೊದಲನೆಯ ಬಗೆಯ ಕೋರ್ಸ್ ಓದಿದವನು. ಗಣಿತಕ್ಕೆ ಹೆದರಿ ಎರಡನೆಯದನ್ನು ಆರಿಸುವುದಾದರೆ ಬೇಡ, ಏಕೆಂದರೆ ಪುಟ್ಟ ದೋಣಿಗೂ ಅದೇ ಗಣಿತ ಬೇಕು. ನಿಮ್ಮ ಕಯಾಕಿನ ಅಗಲ ನೀರಿನ ಮಟ್ಟದಲ್ಲಿ 55 ಸೆಂಟಿಮೀಟರ್ ಇದೆಯೆಂದುಕೊಳ್ಳಿ. ಅದನ್ನು 60 ಮಾಡಿದರೆ ಹೆಚ್ಚಿದ್ದು ಐದೇ ಸೆಂಟಿಮೀಟರ್. ಆದರೆ ದೋಣಿ ವಾಲಿದಾಗ ಮತ್ತೆ ನೆಟ್ಟಗಾಗಲು ನೆರವಾಗುವ ಗುಣ ಅಗಲದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ, ಅಂದರೆ ಸುಮಾರು ಶೇ 30ರಷ್ಟು ಹೆಚ್ಚು. ಇದು ಗೊತ್ತಿಲ್ಲದೆ ಅಂದಾಜಿನಲ್ಲಿ ಅಗಲ ಕೂಡಿಸುವವರು ನಿಧಾನವಾದ, ಭಾರವಾದ ದೋಣಿ ಕಟ್ಟುತ್ತಾರೆ.

ವೇಗದ ಲೆಕ್ಕವೂ ಹಾಗೆಯೇ. ಎಂಜಿನಿಯರ್ ವಿಲಿಯಂ ಫ್ರೂಡ್ 1872ರಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ಹಡಗುಗಳ ಚಿಕ್ಕ ಮಾದರಿಗಳನ್ನು ಎಳೆದು ಪರೀಕ್ಷಿಸುವ ಉದ್ದನೆಯ ತೊಟ್ಟಿ ಕಟ್ಟಿಸಿದ. ಮಾದರಿ ನಿಜವಾದ ದೋಣಿಯ ನಾಲ್ಕನೇ ಒಂದರಷ್ಟಿದ್ದರೆ ಅದನ್ನು ಅರ್ಧ ವೇಗದಲ್ಲಿ ಎಳೆಯಬೇಕು, ಆಗಲೇ ಎರಡೂ ಎಬ್ಬಿಸುವ ಅಲೆಗಳ ವಿನ್ಯಾಸ ಒಂದೇ ಆಗುತ್ತದೆ. ನೀರಿನ ಘರ್ಷಣೆ ಮಾತ್ರ ಈ ನಿಯಮಕ್ಕೆ ಬಗ್ಗುವುದಿಲ್ಲ, ಅದನ್ನು ಬೇರೆಯಾಗಿ ಲೆಕ್ಕ ಹಾಕಬೇಕು. ಆರಾಮವಾಗಿ ಹುಟ್ಟು ಹಾಕುವ ವೇಗದಲ್ಲಿ ಕಯಾಕನ್ನು ತಡೆಯುವುದು ಬಹುಮಟ್ಟಿಗೆ ಈ ಘರ್ಷಣೆಯೇ. ನಿಮ್ಮ ಎರಡನೇ ಕೋರ್ಸಿನಲ್ಲಿ ಇಷ್ಟನ್ನು ಸರಿಯಾಗಿ ಕಲಿಸುತ್ತಾರೆಯೇ ಎಂದು ಪಠ್ಯಕ್ರಮ ತರಿಸಿ ನೋಡಿ. ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಇಂಥ ತೊಟ್ಟಿ 138 ಮೀಟರ್ ಉದ್ದವಿದೆ. ಎಲ್ಲ ಕಡೆ ಅಷ್ಟು ದೊಡ್ಡದು ಬೇಕಿಲ್ಲ, ಆದರೆ ಒಂದು ಮಾದರಿಯನ್ನಾದರೂ ಎಳೆದು ಅಳೆಯುವ ಅವಕಾಶ ಇರಬೇಕು.

ರಾಳಗಾಜು ಬರೆದ ಉತ್ತರ

ನಾನು ನೀವು ಹೇಳಿದ ಎರಡನೆಯ ಬಗೆಯ ಕೋರ್ಸ್ ಓದಿದವಳು. ಹದಿನಾಲ್ಕು ವರ್ಷಗಳಿಂದ ಗಾಜಿನ ನಾರು, ಕಾರ್ಬನ್ ನಾರುಗಳ ದೋಣಿ ತಯಾರಿಸುವ ಕಾರ್ಯಾಗಾರಗಳಲ್ಲೇ ಇದ್ದೇನೆ. ನಿಮ್ಮ ಮನೆಯವರ ಪ್ರಶ್ನೆಗೆ ಉತ್ತರವಾಗಿ ಎರಡನೇ ವರ್ಷದಲ್ಲಿ ನಡೆದದ್ದನ್ನು ಹೇಳುತ್ತೇನೆ.

ನಾವು ನಾಲ್ವರು ಸೇರಿ 5.2 ಮೀಟರ್ ಉದ್ದದ ಸಮುದ್ರ ಕಯಾಕನ್ನು ವಿನ್ಯಾಸ ಮಾಡಿದ್ದೆವು. ಲೆಕ್ಕದ ಪ್ರಕಾರ ತೂಕ 19 ಕೆ.ಜಿ. ಕಟ್ಟಿ ತಕ್ಕಡಿಗೆ ಇಟ್ಟಾಗ 23.6. ಆ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕಲು ನಮಗೆ ಒಂದು ವಾರ ಹಿಡಿಯಿತು. ಬಟ್ಟೆ 5.4 ಕೆ.ಜಿ. ಬಳಸಿದ್ದೆವು, ಅದು ಲೆಕ್ಕಕ್ಕೆ ಸರಿಹೊಂದಿತು. ರಾಳವೂ ಅಷ್ಟೇ ಹಿಡಿಯುತ್ತದೆ ಎಂದು ಕಾಗದದ ಮೇಲೆ ಬರೆದಿದ್ದೆವು. ಕುಂಚ, ರೋಲರ್ ಹಿಡಿದು ಮಾಡಿದ ಕೆಲಸದಲ್ಲಿ ನಿಜಕ್ಕೂ ಹೋದದ್ದು ಹತ್ತು ಕೆ.ಜಿ. ಬಟ್ಟೆ ಬೆಳ್ಳಗೆ ಕಂಡಲ್ಲೆಲ್ಲ ಇನ್ನೊಂದಿಷ್ಟು ಸುರಿದಿದ್ದೆವು. ಹೆಚ್ಚುವರಿ ರಾಳ ಬಲ ಕೊಡುವುದಿಲ್ಲ, ಬಲ ನಾರಿನಲ್ಲಿರುತ್ತದೆ. ಆ ನಾಲ್ಕೂವರೆ ಕಿಲೋ ನೀರಿನಲ್ಲಿ ದೋಣಿಯನ್ನು ಮುಳುಗಿಸಿದ್ದು ಬರೀ ಮೂರು ಮಿಲಿಮೀಟರ್. ಆದರೆ ಅದನ್ನು ಒಬ್ಬಳೇ ಹೆಗಲ ಮೇಲೆ ಹೊತ್ತು ದಡದಿಂದ ಕಾರಿನವರೆಗೆ ನಡೆಯುವ ಹೆಣ್ಣುಮಗಳ ಪಾಲಿಗೆ ಅದೇ ದೋಣಿ ಬೇಡವಾಗುತ್ತದೆ. ಇದನ್ನು ನನಗೆ ಯಾವ ಸೂತ್ರವೂ ಹೇಳಿರಲಿಲ್ಲ. ಹಾಗೆಯೇ, ಸೂತ್ರ ಗೊತ್ತಿಲ್ಲದಿದ್ದರೆ ತಪ್ಪು ಎಲ್ಲಿದೆ ಎಂದು ಹುಡುಕಲೂ ಆಗುತ್ತಿರಲಿಲ್ಲ. ವಿಶ್ವವಿದ್ಯಾಲಯ ಏಕೆ ಬೇಕು ಎಂದರೆ, ಆ ವಾರಕ್ಕಾಗಿ. ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಹೊಸಬರಿಗೆ ಒಂದು ತಪ್ಪಿನ ಹಿಂದೆ ಏಳು ದಿನ ಕೂರಲು ಯಾರೂ ಬಿಡುವುದಿಲ್ಲ.

ಅದೇ ದೋಣಿಯ ಅಚ್ಚಿನಲ್ಲೂ ಪೆಟ್ಟು ತಿಂದೆವು. ಹುಟ್ಟು ಹಾಕುವಾಗ ಕೈ ತಾಗದಿರಲಿ ಎಂದು ಒಡಲಿನ ಪಕ್ಕಗಳನ್ನು ಮೇಲ್ಗಡೆ ಸ್ವಲ್ಪ ಒಳಕ್ಕೆ ಬಾಗಿಸಿದ್ದೆವು. ಕಂಪ್ಯೂಟರ್ ಪರದೆಯ ಮೇಲೆ ಬಹಳ ಚೆಂದ ಕಾಣುತ್ತಿತ್ತು. ಆದರೆ ಒಂದೇ ತುಂಡಿನ ಅಚ್ಚಿನಿಂದ ಅಂಥ ಆಕಾರ ಹೊರಬರುವುದಿಲ್ಲ, ಬಾಯಿ ಕಿರಿದಾದ ಮಡಕೆಯೊಳಗೆ ಕಾಯಿ ಬೆಳೆದ ಹಾಗೆ. ಬೆಣೆ ಹೊಡೆದು ಎಬ್ಬಿಸಲು ಹೋಗಿ ಜೆಲ್ ಕೋಟ್, ಅಂದರೆ ಹೊರಮೈಯ ನಯವಾದ ರಾಳದ ಪದರ, ಬಿರುಕು ಬಿಟ್ಟಿತು. ಆ ಅಚ್ಚನ್ನು ನಡುವೆ ಸೀಳಿ, ಬೋಲ್ಟು ಹಾಕಿ ಜೋಡಿಸುವಂತೆ ಮತ್ತೆ ಕಟ್ಟಿದೆವು. ಇಂದಿಗೂ ಹೊಸ ನಕ್ಷೆ ಬಂದಾಗ ನಾನು ಮೊದಲು ಕೇಳುವುದು, "ಅಚ್ಚು ಎಲ್ಲಿ ಬಿಚ್ಚಿಕೊಳ್ಳುತ್ತದೆ?" ಎಂದು.

ನಿರ್ವಾತ ಚೀಲದ ಕೆಲಸ ಕಲಿಸುತ್ತಾರೆಯೇ ಕೇಳಿ. ಒಣ ಬಟ್ಟೆಯನ್ನು ಅಚ್ಚಿನಲ್ಲಿ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಗಾಳಿ ಹೀರಿ, ರಾಳವನ್ನು ಒಳಗೆ ಎಳೆದುಕೊಳ್ಳುವಂತೆ ಮಾಡುವುದು. ಪಂಪು ಯಾವುದನ್ನೂ ಒತ್ತುವುದಿಲ್ಲ. ಒಳಗಿನ ಗಾಳಿ ಹೋದ ಮೇಲೆ ಹೊರಗಿನ ವಾತಾವರಣವೇ ಪ್ರತಿ ಚದರ ಮೀಟರಿಗೆ ಸುಮಾರು ಹತ್ತು ಟನ್ ಭಾರದಂತೆ ಒತ್ತುತ್ತದೆ. ನಮ್ಮ ಆ ಹೆಚ್ಚುವರಿ ರಾಳದ ಕಾಯಿಲೆಗೆ ಇದೇ ಮದ್ದು. ರಾಳ ಬಟ್ಟೆಯೊಳಗೆ ನಿಧಾನವಾಗಿ ಹಬ್ಬಿ ಬಣ್ಣ ಗಾಢವಾಗುತ್ತಾ ಬರುವುದನ್ನು ಮೊದಲ ಸಲ ನೋಡಿದಾಗ ನಾನು ಊಟ ಮರೆತು ನಿಂತಿದ್ದೆ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೀವು ಈಗಾಗಲೇ ಎಪಾಕ್ಸಿ ಮುಟ್ಟಿದ್ದೀರಿ. ಕೈಗವಸು ಇಲ್ಲದೆ ಪದೇ ಪದೇ ಮುಟ್ಟಿದರೆ ಕೆಲವರ ದೇಹಕ್ಕೆ ಅದು ಒಗ್ಗದಂತಾಗುತ್ತದೆ. ಒಮ್ಮೆ ಹಾಗಾದರೆ ಸಾಮಾನ್ಯವಾಗಿ ಜೀವನವಿಡೀ ಹಾಗೆಯೇ. ನನ್ನ ಸಹಪಾಠಿಯೊಬ್ಬ, ನಮ್ಮೆಲ್ಲರಿಗಿಂತ ನಯವಾಗಿ ಬಟ್ಟೆ ಹಾಸುತ್ತಿದ್ದವನು, ಮಣಿಕಟ್ಟಿನ ಮೇಲೆ ದದ್ದು ಎದ್ದು ಈ ಕೆಲಸವನ್ನೇ ಬಿಡಬೇಕಾಯಿತು. ನೈಟ್ರೈಲ್ ಕೈಗವಸು ಹಾಕಿ, ಮತ್ತೆ ಮತ್ತೆ ಬದಲಿಸಿ. ಕಾರ್ಯಾಗಾರ ನೋಡಲು ಹೋದಾಗ ಯಂತ್ರಗಳಿಗಿಂತ ಮೊದಲು ಗಾಳಿ ಹೊರಹಾಕುವ ವ್ಯವಸ್ಥೆ ನೋಡಿ. ಪಾಲಿಯೆಸ್ಟರ್ ರಾಳದಲ್ಲಿರುವ ಸ್ಟೈರೀನ್ ಎಂಬ ರಾಸಾಯನಿಕದ ವಾಸನೆ ಪಾಠದ ಕೊಠಡಿಯವರೆಗೆ ಬರುತ್ತಿದ್ದರೆ ಆ ಜಾಗ ಬೇಡ.

ಮೂರುರೆಕ್ಕೆ ಬರೆದ ಉತ್ತರ

ನಾನು ಸರ್ಫ್ ಹಲಗೆ ಮಾಡುವವನು, ಡಿಗ್ರಿ ಇಲ್ಲ. ಆದರೂ ಓದಿ ಎನ್ನುತ್ತೇನೆ. ನಾನು ಕಷ್ಟಪಟ್ಟು ಕಲಿತ ಸಂಗತಿಯೊಂದು ನಿಮಗೆ ಮೊದಲ ತಿಂಗಳಲ್ಲೇ ಸಿಗುತ್ತದೆ: ಥರ್ಮಕೋಲ್ ಜಾತಿಯ ಫೋಮ್ ಮೇಲೆ ಪಾಲಿಯೆಸ್ಟರ್ ರಾಳ ಹಾಕಿದರೆ ಅದರ ಸ್ಟೈರೀನ್ ಫೋಮನ್ನೇ ಕರಗಿಸುತ್ತದೆ. ಅದಕ್ಕೆ ಎಪಾಕ್ಸಿಯೇ ಬೇಕು. ಪಾಲಿಯುರೆಥೇನ್ ಫೋಮಿಗೆ ಪಾಲಿಯೆಸ್ಟರ್ ನಡೆಯುತ್ತದೆ. 2005ರ ಡಿಸೆಂಬರಿನಲ್ಲಿ ಅಮೆರಿಕದ ಕ್ಲಾರ್ಕ್ ಫೋಮ್ ಕಂಪನಿ ಏಕಾಏಕಿ ಬಾಗಿಲು ಮುಚ್ಚಿತು. ಅಲ್ಲಿನ ಹಲಗೆಗಾರರಲ್ಲಿ ಬಹುಪಾಲು ಜನ ಅದರ ಪಾಲಿಯುರೆಥೇನ್ ಫೋಮನ್ನೇ ನಂಬಿದ್ದರು. ಬೇರೆ ಫೋಮ್, ಬೇರೆ ರಾಳದ ಗುಣ ತಿಳಿದಿದ್ದವರು ಬೇಗ ಚೇತರಿಸಿಕೊಂಡರು.

ನೀರಿನಲ್ಲಿ ಕಳೆಯುವ ಹೊತ್ತನ್ನು ಮಾತ್ರ ಕಡಿಮೆ ಮಾಡಬೇಡಿ. ಅಡಿಯಲ್ಲಿ ಮೂರು ಸಮನಾದ ರೆಕ್ಕೆಗಳಿರುವ ಹಲಗೆಯನ್ನು 1980ರಲ್ಲಿ ರೂಪಿಸಿದ ಸೈಮನ್ ಆಂಡರ್ಸನ್ ಹಲಗೆ ಕೆತ್ತುವವರೂ ಹೌದು, ಅದರ ಮೇಲೆ ನಿಂತು ಸ್ಪರ್ಧಿಸುವವರೂ ಹೌದು. ಮರುವರ್ಷ ಆಸ್ಟ್ರೇಲಿಯಾದ ಬೆಲ್ಸ್ ಬೀಚ್ ಸ್ಪರ್ಧೆಯನ್ನು ಅದರ ಮೇಲೆಯೇ ಗೆದ್ದರು. ಹಳೆಯ ಹಲಗೆ ಎಲ್ಲಿ ಜಾರುತ್ತದೆ ಎಂಬುದು ಅವರ ಕಾಲಿಗೆ ಗೊತ್ತಿತ್ತು.

ಹುಟ್ಟುಗೋಲು

ಎಲ್ಲರಿಗೂ ಧನ್ಯವಾದ. ರಾಳಗಾಜು ಅವರೇ, ನಿಮ್ಮ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಏನೂ ಮಾತಾಡದೆ ಎದ್ದು ಹೋಗಿ ತಕ್ಕಡಿ ತಂದರು. ನಮ್ಮ ಕಯಾಕ್ 21.4 ಕೆ.ಜಿ. ಪ್ಲೈವುಡ್ಡಿನ ಲೆಕ್ಕ ಹಾಕಿದರೆ ಸುಮಾರು ಹತ್ತು ಕಿಲೋ ಆಗುತ್ತದೆ. ಉಳಿದ ಹನ್ನೊಂದು ಕಿಲೋ ಏನೆಂದು ರಾತ್ರಿ ಇಬ್ಬರೂ ಕುಳಿತು ಬರೆದೆವು. ಒಳಗಿನ ಮೂಲೆಗಳಲ್ಲಿ ಮೆತ್ತಿದ ಎಪಾಕ್ಸಿಯೇ ನಾವು ಊಹಿಸಿದ್ದಕ್ಕಿಂತ ಎರಡರಷ್ಟು ಇದ್ದಂತಿದೆ. ಎರಡನೇ ಕೋರ್ಸಿನ ಕಾರ್ಯಾಗಾರ ನೋಡಲು ಮುಂದಿನ ವಾರ ಅಪ್ಪನೂ ಬರುತ್ತಾರೆ. ಸಂದರ್ಶನಕ್ಕೆ ಏನು ತೆಗೆದುಕೊಂಡು ಹೋಗಲಿ?

ರಾಳಗಾಜು

ಚೆಂದದ ಫೋಟೋಗಳ ಜೊತೆ ಈ ತೂಕದ ಪಟ್ಟಿಯನ್ನೂ ಒಯ್ಯಿರಿ, ತಿದ್ದಿದ ಗೆರೆಗಳ ಸಮೇತ. ನಾನು ಸಂದರ್ಶಕಳಾಗಿ ಕುಳಿತಾಗ ಅಂಥ ಹಾಳೆ ತಂದವರನ್ನು ಸುಲಭವಾಗಿ ಕೈಬಿಟ್ಟಿದ್ದಿಲ್ಲ. ಅಲ್ಲಿ ನೀವು ಒಂದು ಪ್ರಶ್ನೆ ಕೇಳಿ: ವಿದ್ಯಾರ್ಥಿಗಳು ಅಚ್ಚನ್ನೂ ತಾವೇ ಕಟ್ಟುತ್ತಾರೆಯೇ, ಅಥವಾ ಸಿದ್ಧ ಅಚ್ಚಿನಲ್ಲಿ ಬಟ್ಟೆ ಹಾಸುತ್ತಾರೆಯೇ? ಅಂದ ಹಾಗೆ, ತೂಗುವಾಗ ಸೀಟು ಬಿಚ್ಚಿದ್ದಿರೋ, ಅದು ಒಳಗೇ ಇತ್ತೋ? ಅದನ್ನೂ ಪಟ್ಟಿಯಲ್ಲಿ ಬರೆಯಿರಿ, ಅವರು ಕೇಳುತ್ತಾರೆ.