ಟೆಲೋಮಿಯರ್ ಕುಗ್ಗಿದ್ದು ಪುಣೆಯ ಹೊಗೆಗೋ, ಕಾಲಮ್‌ಗೋ?

ಪ್ರಶ್ನೆ: ಟೆಲೋಮಿಯರ್ (ವರ್ಣತಂತುವಿನ ತುದಿಯ ಡಿಎನ್‌ಎ, ವಯಸ್ಸಾದಂತೆ ಸವೆಯುತ್ತದೆ) ಉದ್ದವನ್ನು ಎರಡು ಗುಂಪುಗಳಲ್ಲಿ ಅಳೆದೆವು: ಪುಣೆಯ ಸ್ವಾರಗೇಟ್ ಸುತ್ತಲಿನ ರಿಕ್ಷಾ ಚಾಲಕರು, ಗೋವಾದ ಕಾಣಕೋಣದ ತೋಟಗಳ ಕೆಲಸಗಾರರು, ಎಲ್ಲರೂ 35–50ರ ಗಂಡಸರು. ಪುಣೆಯವರ ರಕ್ತದಿಂದ ಡಿಎನ್‌ಎ ತೆಗೆದದ್ದು ಸಿಲಿಕಾ ಕಾಲಮ್‌ನಲ್ಲಿ (ಡಿಎನ್‌ಎ ಹಿಡಿದಿಡುವ ಪುಟ್ಟ ಸೋಸುಕೊಳವೆ), ಗೋವಾದವರದ್ದು ಉಪ್ಪಿನ ವಿಧಾನದಲ್ಲಿ (ಉಪ್ಪಿನಿಂದ ಪ್ರೋಟೀನ್ ಬೇರ್ಪಡಿಸಿ). ಡಿಎನ್‌ಎಯನ್ನು ಪ್ರತಿ ಸೈಕಲ್‌ನಲ್ಲೂ ದುಪ್ಪಟ್ಟು ಮಾಡಿ ಅಳೆಯುವ ಕ್ಯೂಪಿಸಿಆರ್‌ನಲ್ಲಿ ಪುಣೆಯವರ ಟಿ/ಎಸ್ ಅನುಪಾತ (ಒಂದೇ ಪ್ರತಿಯ ಜೀನ್‌ಗೆ ಹೋಲಿಸಿದ ಟೆಲೋಮಿಯರ್ ಪ್ರಮಾಣ) ಕಡಿಮೆ ಬಂದಿದೆ. ವಾಹನದ ಹೊಗೆ ಕಾರಣ ಎನ್ನಬಹುದೇ?

ಉತ್ತರ 1: ಸದ್ಯಕ್ಕಂತೂ ಬೇಡ. ಕಾಲಮ್‌ನಲ್ಲಿ ತೆಗೆದ ಡಿಎನ್‌ಎಗೆ ಟಿ/ಎಸ್ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ. ಊರೂ ವಿಧಾನವೂ ಒಟ್ಟಿಗೇ ಬದಲಾಗಿರುವಾಗ ಯಾವ ಲೆಕ್ಕಾಚಾರವೂ ಎರಡನ್ನೂ ಬಿಡಿಸಿ ಕೊಡುವುದಿಲ್ಲ. ಟೆಲೋಮಿಯರ್‌ನ ಸಿಟಿ ಮೌಲ್ಯ (ಸಂಕೇತ ಕಾಣಲು ಬೇಕಾದ ಸೈಕಲ್‌ಗಳ ಸಂಖ್ಯೆ) ಕಾಲು ಸೈಕಲ್ ಕೆಳಗೆ ಜಾರಿದರೆ ಅನುಪಾತ ಸುಮಾರು 19% ಏರುತ್ತದೆ (2ರ ಘಾತ 0.25 ಎಂದರೆ 1.19). ದೊಡ್ಡವರಲ್ಲಿ ಸವೆತ ವರ್ಷಕ್ಕೆ ಬರೀ 20–40 ಬೇಸ್‌ಜೋಡಿ (ಡಿಎನ್‌ಎ ಏಣಿಯ ಮೆಟ್ಟಿಲು). ಅಂದರೆ ಪಿಪೆಟ್ಟಿನ ಒಂದು ಸಣ್ಣ ತಪ್ಪು ದಶಕಗಳ ಮುಪ್ಪಿನ ಹಾಗೆ ಕಾಣುತ್ತದೆ!

ಬಫಿ ಕೋಟ್ (ರಕ್ತದ ಬಿಳಿಕಣಗಳ ಪದರ) ಉಳಿದಿದ್ದರೆ ಎಲ್ಲವನ್ನೂ ಒಂದೇ ಕಿಟ್‌ನಲ್ಲಿ ಮತ್ತೆ ತೆಗೆಯಿರಿ. ಎರಡೂ ಊರಿನ ಮಾದರಿಗಳನ್ನು ಪ್ರತಿ ಪ್ಲೇಟ್‌ನಲ್ಲೂ (ಪುಟ್ಟ ಬಾವಿಗಳಿರುವ ತಟ್ಟೆ) ಬೇರೆ ಬೇರೆ ಬಾವಿಗಳಲ್ಲಿ ಹಂಚಿ ಹಾಕಿ. ಯಾವುದು ಯಾರದ್ದೆಂದು ಪ್ಲೇಟ್ ತುಂಬುವವರಿಗೆ ಗೊತ್ತಿರಬಾರದು. ಬಾವಿಗೆ 20 ನ್ಯಾನೋಗ್ರಾಂ ಡಿಎನ್‌ಎ, ಒಂದೊಂದು ಮಾದರಿಗೆ ಮೂರು ಬಾವಿ, ಪ್ರತಿ ಪ್ಲೇಟ್‌ಗೂ ಅದೇ ಕ್ಯಾಲಿಬ್ರೇಟರ್ (ಹೋಲಿಕೆಗೆ ಇಡುವ ಡಿಎನ್‌ಎ). ಅಂಚಿನ ಬಾವಿಗಳು ಬೇಗ ಆವಿಯಾಗುತ್ತವೆ, ಅಲ್ಲಿ ಮಾದರಿ ಬೇಡ. ಸಾಧ್ಯವಾದರೆ ಕಾಥನ್ ಎಂಬ ಸಂಶೋಧಕ 2009ರಲ್ಲಿ ಕೊಟ್ಟ ಮಲ್ಟಿಪ್ಲೆಕ್ಸ್ ವಿಧಾನ ಹಿಡಿಯಿರಿ: ಟೆಲೋಮಿಯರ್ 74 ಡಿಗ್ರಿಯಲ್ಲಿ, ಹೋಲಿಕೆಯ ಜೀನ್ ಆಲ್ಬುಮಿನ್ 88ರಲ್ಲಿ, ಎರಡೂ ಒಂದೇ ಬಾವಿಯಲ್ಲಿ ಓದಲು ಸಿಗುತ್ತವೆ.

ಉತ್ತರ 2: ಪ್ಲೇಟ್ ಸರಿಹೋದರೂ ವಂಶದ ಪಾಲು ಉಳಿಯುತ್ತದೆ. 2013ರ ಒಂದು ಒಟ್ಟು ವಿಶ್ಲೇಷಣೆಯಲ್ಲಿ ಆನುವಂಶಿಕತೆ (ಉದ್ದದ ವ್ಯತ್ಯಾಸದಲ್ಲಿ ವಂಶದ ಪಾಲು) ಸುಮಾರು 0.70 ಬಂದಿತ್ತು. ಟಿಇಆರ್‌ಟಿ, ಟಿಇಆರ್‌ಸಿ, ಎಸ್‌ಟಿಎನ್1 ಎಂಬ ಜೀನ್‌ಗಳೆಲ್ಲ ಅದರಲ್ಲಿ ಪಾಲುದಾರರು. ಹುಟ್ಟಿದಾಗ ತಂದೆಗೆ ಎಷ್ಟು ವಯಸ್ಸಾಗಿತ್ತು ಎಂದೂ ಕೇಳಿ. ತಂದೆ ಹಿರಿಯನಾದಷ್ಟೂ ಮಕ್ಕಳ ಟೆಲೋಮಿಯರ್ ಉದ್ದ. ಯುರೋಪಿಯನ್ನರ ಮೇಲೆ ಕಟ್ಟಿದ ಪಾಲಿಜೆನಿಕ್ ಸ್ಕೋರನ್ನು (ಹಲವು ಜೀನ್‌ಗಳ ಪ್ರಭಾವ ಕೂಡಿಸಿದ ಅಂಕ) ಇಲ್ಲಿ ಹಾಗೇ ಅಂಟಿಸಬೇಡಿ.

ನನ್ನ ಪ್ರಕಾರ ಗೋವಾದ ಗುಂಪನ್ನೇ ಬಿಡಬಹುದು. ಕಲಬುರಗಿ, ವಿಜಯಪುರದ ಕಡೆಯಿಂದ ಪುಣೆಗೆ ದುಡಿಯಲು ಬಂದವರಲ್ಲಿ ಊರಲ್ಲೇ ಉಳಿದ ಅಣ್ಣತಮ್ಮಂದಿರು ಇರುವವರನ್ನು ಹುಡುಕಿ, ಜೋಡಿ ಜೋಡಿಯಾಗಿ ಹೋಲಿಸಿ. ಬೀಡಿ, ಒಲೆಯ ಹೊಗೆ, ಹೊಲದ ಔಷಧಿ ಸಿಂಪಡಣೆಯ ಲೆಕ್ಕ ಮಾತ್ರ ಇಬ್ಬರದ್ದೂ ಬೇಕು.

ಉತ್ತರ 3: ರಕ್ತಕಣಗಳ ಡಿಫರೆನ್ಷಿಯಲ್ ಎಣಿಕೆ (ಯಾವ ಬಗೆಯ ಬಿಳಿಕಣ ಎಷ್ಟು ಎಂಬ ಲೆಕ್ಕ) ರಕ್ತ ತೆಗೆದ ದಿನವೇ ಮಾಡಿಸಿ. ಒಂದೊಂದು ಬಗೆಯ ಬಿಳಿಕಣದ ಟೆಲೋಮಿಯರ್ ಒಂದೊಂದು ಉದ್ದ. ಮಿಶ್ರಣ ಬದಲಾದರೆ ಸರಾಸರಿಯೂ ಬದಲಾಗುತ್ತದೆ. ಮಿಲಾನಿನ ಟ್ರಾಫಿಕ್ ಪೊಲೀಸರಲ್ಲಿ ಟೆಲೋಮಿಯರ್ ಗಿಡ್ಡ ಕಂಡಿತ್ತು, ಆದರೆ ಬೀಜಿಂಗಿನ ಟ್ರಕ್ ಚಾಲಕರಲ್ಲಿ ಕೆಲ ದಿನಗಳ ಧೂಳಿಗೆ ಉದ್ದವೇ ಕಂಡಿತ್ತು. ಹಾಗಾಗಿ ರಕ್ತ ತೆಗೆದ ದಿನಾಂಕವೂ ಬರೆದಿಡಿ.

ರಕ್ತ ಹಿಡಿಯುವ ಟ್ಯೂಬ್ ಇಡಿಟಿಎಯದ್ದೇ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರಲಿ. ಅದೇ ಕೆಲಸದ ಹೆಪಾರಿನ್ ಇದ್ದರೆ ಪಿಸಿಆರ್ ಅಲ್ಲೇ ಮುಗ್ಗರಿಸುತ್ತದೆ.