ಐಪಿ ಸ್ಟ್ರೀಮ್‌ಗಳನ್ನು ಕ್ವಾಮ್‌ಗೆ ಪರಿವರ್ತಿಸುವಾಗ ಚಿತ್ರ ಒಡೆಯುತ್ತಿದೆ: ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕು?

ಮಲೆನಾಡಿನ ಆಪರೇಟರ್:
ಮಾನ್ಯರೇ, ನಮ್ಮದು ತಾಲ್ಲೂಕು ಕೇಂದ್ರವೊಂದರ ಕೇಬಲ್ ಜಾಲ. ಬೆಂಗಳೂರಿನ ಹೆಡ್‌ಎಂಡ್‌ನಿಂದ (ವಾಹಿನಿಗಳನ್ನು ಒಟ್ಟುಗೂಡಿಸಿ ಕಳುಹಿಸುವ ಕೇಂದ್ರ) ಲೀಸ್ಡ್ ಫೈಬರ್ ಮೂಲಕ ಸುಮಾರು 150 ವಾಹಿನಿಗಳು ಯುಡಿಪಿ ಮಲ್ಟಿಕಾಸ್ಟ್ (ಒಂದೇ ಸ್ಟ್ರೀಮ್ ಹಲವರಿಗೆ ಹೋಗುವ ಐಪಿ ಪ್ರಸಾರ) ರೂಪದಲ್ಲಿ, ಸ್ಕ್ರ್ಯಾಂಬಲ್ ಆಗಿಯೇ (ಅನುಮತಿ ಇಲ್ಲದೆ ನೋಡಲಾಗದಂತೆ ಗೂಢೀಕರಿಸಿಯೇ) ನಮಗೆ ತಲುಪುತ್ತಿವೆ. ಅವನ್ನು 16 ಕ್ಯಾರಿಯರ್‌ಗಳ (ಹಲವು ವಾಹಿನಿಗಳನ್ನು ಒಟ್ಟಿಗೆ ಹೊರುವ ಫ್ರೀಕ್ವೆನ್ಸಿಗಳು) ಐಪಿ ಕ್ವಾಮ್ ಸಾಧನಕ್ಕೆ (ಐಪಿ ಸ್ಟ್ರೀಮ್‌ಗಳನ್ನು ಕ್ವಾಮ್, ಅಂದರೆ ಕೇಬಲ್ ಟಿವಿ ಸಿಗ್ನಲ್ ಆಗಿಸುವ ಯಂತ್ರ) ಕೊಟ್ಟು, 64 ಕ್ವಾಮ್, ಸೆಕೆಂಡಿಗೆ 6.875 ಮಿಲಿಯನ್ ಸಂಕೇತಗಳ ಸಿಂಬಲ್ ರೇಟ್‌ನಲ್ಲಿ ಕ್ಯಾರಿಯರ್‌ಗೆ 12 ಎಸ್‌ಡಿ ವಾಹಿನಿಗಳಂತೆ ಹೊಂದಿಸಿದ್ದೇವೆ. ಎಲ್ಲ ವಾಹಿನಿಗಳಲ್ಲೂ ಆಗಾಗ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಕ್ರೀಡಾ ವಾಹಿನಿಗಳಿರುವ ಕ್ಯಾರಿಯರ್‌ನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಸಾಧನದ ವೆಬ್ ಪುಟವೂ ಹಲವು ಬಾರಿ ತೆರೆಯುವುದಿಲ್ಲ. ಸಾಧನದ ಔಟ್‌ಪುಟ್‌ನಲ್ಲೇ ಮೀಟರ್ ಇಟ್ಟು ನೋಡಿದರೆ ಸಿಗ್ನಲ್ ಮಟ್ಟವೂ ಎಂಇಆರ್ (ಸಿಗ್ನಲ್‌ನ ಸ್ವಚ್ಛತೆಯ ಅಳತೆ) ಕೂಡ ಚೆನ್ನಾಗಿವೆ, ಆದರೂ ಅಲ್ಲೇ ಚಿತ್ರ ಒಡೆಯುತ್ತದೆ. ಟ್ರಂಕ್ ಲೈನಿನ (ಊರಿಗೆ ಹೋಗುವ ಮುಖ್ಯ ಕೇಬಲ್) ಆಂಪ್ಲಿಫೈಯರ್‌ಗಳನ್ನು ಬದಲಿಸಬೇಕೇ?

ಹೆಡ್‌ಎಂಡ್ ಎಂಜಿನಿಯರ್:
ಆಂಪ್ಲಿಫೈಯರ್‌ಗಳನ್ನು ದಯವಿಟ್ಟು ಮುಟ್ಟಬೇಡಿ. ಔಟ್‌ಪುಟ್‌ನಲ್ಲಿ ಎಂಇಆರ್ ಚೆನ್ನಾಗಿದ್ದೂ ಚಿತ್ರ ಒಡೆಯುತ್ತಿದೆ ಎಂದರೆ, ದೋಷ ಕೋಆಕ್ಸಿಯಲ್ ಕೇಬಲ್ಲಿಗೆ ಬರುವ ಮೊದಲೇ ಹುಟ್ಟಿದೆ. ವೆಬ್ ಪುಟ ತೆರೆಯದಿರುವುದೇ ಇಲ್ಲಿ ದೊಡ್ಡ ಸುಳಿವು. ಒಂದೊಂದು ವಾಹಿನಿ ಸರಾಸರಿ 3 ಎಂಬಿಪಿಎಸ್ ಎಂದು ಹಿಡಿದರೂ 150 ವಾಹಿನಿಗಳಿಗೆ 450 ಎಂಬಿಪಿಎಸ್ ಆಗುತ್ತದೆ. ಸ್ವಿಚ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ (ಸ್ಟ್ರೀಮ್ ಕೇಳಿದ ಪೋರ್ಟ್‌ಗೆ ಮಾತ್ರ ಅದನ್ನು ಕಳುಹಿಸುವ ವ್ಯವಸ್ಥೆ) ಇಲ್ಲದಿದ್ದರೆ ಇಷ್ಟೂ ಪ್ರವಾಹ ಪ್ರತಿಯೊಂದು ಪೋರ್ಟ್‌ಗೂ ನುಗ್ಗುತ್ತದೆ, ಸಾಮಾನ್ಯವಾಗಿ 100 ಎಂಬಿಪಿಎಸ್‌ನದೇ ಆಗಿರುವ, ವೆಬ್ ಪುಟ ತೆರೆಯುವ ಮ್ಯಾನೇಜ್‌ಮೆಂಟ್ ಪೋರ್ಟ್ ಅದರಡಿ ಮುಳುಗಿಹೋಗುತ್ತದೆ. ಸ್ನೂಪಿಂಗ್ ಚಾಲೂ ಮಾಡಿ, ಮ್ಯಾನೇಜ್‌ಮೆಂಟ್ ಪೋರ್ಟನ್ನು ಬೇರೆ ವಿಎಲ್ಯಾನ್‌ಗೆ (ಅದೇ ಸ್ವಿಚ್‌ನೊಳಗಿನ ಪ್ರತ್ಯೇಕ ಜಾಲ) ಹಾಕಿ.

ಕ್ರೀಡಾ ವಾಹಿನಿಗಳದು ಬೇರೆ ವಿಷಯ. 6.875 ಸಿಂಬಲ್ ರೇಟ್‌ನ 64 ಕ್ವಾಮ್‌ನಲ್ಲಿ, ದೋಷ ಸರಿಪಡಿಸುವ ಬಿಟ್‌ಗಳನ್ನು ಕಳೆದ ಮೇಲೆ ಉಳಿಯುವ ಸಾಮರ್ಥ್ಯ ಸುಮಾರು 38 ಎಂಬಿಪಿಎಸ್. ಹನ್ನೆರಡು ವಾಹಿನಿಗಳ ಸರಾಸರಿಯೇ 36 ಆದಾಗ, ಮೈದಾನದ ವೇಗದ ದೃಶ್ಯಗಳಲ್ಲಿ ಬಿಟ್‌ರೇಟ್ ಏರಿದ ಕೂಡಲೇ ಪ್ಯಾಕೆಟ್‌ಗಳು ಬಿದ್ದುಹೋಗುತ್ತವೆ. ಆ ಕ್ಯಾರಿಯರ್‌ನಿಂದ ಎರಡು ವಾಹಿನಿಗಳನ್ನು ತೆಗೆದು, ಖಾಲಿ ಇರುವ ಕ್ಯಾರಿಯರ್‌ಗೆ ಹಾಕಿ. 256 ಕ್ವಾಮ್‌ಗೆ ಹೋದರೆ ಸುಮಾರು 50 ಎಂಬಿಪಿಎಸ್ ಸಿಗುತ್ತದೆ ಎಂಬುದು ನಿಜ. ಆದರೆ ಅದಕ್ಕೆ ಸುಮಾರು 6 ಡಿಬಿ ಹೆಚ್ಚು ಸ್ವಚ್ಛವಾದ ಸಿಗ್ನಲ್ ಕೊನೆಯ ಮನೆಯವರೆಗೂ ಬೇಕಾಗುತ್ತದೆ. ಹಳೆಯ ಜಾಲದಲ್ಲಿ ನಾನು ಅದನ್ನು ಸಲಹೆ ಮಾಡಲಾರೆ.

ಮಲೆನಾಡಿನ ಆಪರೇಟರ್:
ಧನ್ಯವಾದಗಳು ಸರ್. ಸ್ನೂಪಿಂಗ್ ಚಾಲೂ ಮಾಡಿದ ಕೂಡಲೇ ವೆಬ್ ಪುಟ ಸಲೀಸಾಗಿ ತೆರೆಯಿತು, ಚಿತ್ರವೂ ಶುದ್ಧವಾಗಿ ಬಂತು. ಆದರೆ ನಾಲ್ಕೈದು ನಿಮಿಷಗಳಲ್ಲಿ ಎಲ್ಲ ವಾಹಿನಿಗಳೂ ಕಪ್ಪಾದವು. ಸಾಧನವನ್ನು ರೀಬೂಟ್ ಮಾಡಿದರೆ ಮತ್ತೆ ಬರುತ್ತವೆ, ಅಷ್ಟೇ ಹೊತ್ತಿನಲ್ಲಿ ಮತ್ತೆ ಹೋಗುತ್ತವೆ.

ನೆಟ್‌ವರ್ಕ್ ಕೆಲಸದವನು:
ನಿಮ್ಮ ಜಾಲದಲ್ಲಿ ಐಜಿಎಂಪಿ ಕ್ವೆರಿಯರ್ ಇಲ್ಲ. ಯಾವ ಪೋರ್ಟ್‌ಗೆ ಯಾವ ಸ್ಟ್ರೀಮ್ ಬೇಕು ಎಂಬುದನ್ನು ಸ್ವಿಚ್ ಶಾಶ್ವತವಾಗಿ ನೆನಪಿಟ್ಟುಕೊಳ್ಳುವುದಿಲ್ಲ. ಸಾಮಾನ್ಯವಾಗಿ ಕ್ವೆರಿಯರ್ 125 ಸೆಕೆಂಡಿಗೊಮ್ಮೆ ಕೇಳುತ್ತದೆ, ಸಾಧನ ಉತ್ತರಿಸುತ್ತದೆ. ಕೇಳುವವರೇ ಇಲ್ಲದಿದ್ದರೆ ಸುಮಾರು 260 ಸೆಕೆಂಡುಗಳ ನಂತರ ಸ್ವಿಚ್ ಆ ನಮೂದನ್ನು ಅಳಿಸಿ, ಸ್ಟ್ರೀಮನ್ನು ನಿಲ್ಲಿಸುತ್ತದೆ. ನಿಮ್ಮ ನಾಲ್ಕೈದು ನಿಮಿಷಗಳ ಲೆಕ್ಕ ಇದೇ. ಅದೇ ಸ್ವಿಚ್‌ನ ಸೆಟ್ಟಿಂಗ್‌ನಲ್ಲಿ, ವಿಡಿಯೊ ವಿಎಲ್ಯಾನ್‌ಗೆ ಒಂದು ಐಪಿ ವಿಳಾಸ ಕೊಟ್ಟು ಕ್ವೆರಿಯರ್ ಚಾಲೂ ಮಾಡಿ.

ಹೆಡ್‌ಎಂಡ್ ಎಂಜಿನಿಯರ್:
ಅವರು ಹೇಳಿದ್ದು ಸರಿ. ಸ್ಟ್ರೀಮ್‌ಗಳು ಸ್ಕ್ರ್ಯಾಂಬಲ್ ಆಗಿ ಬರುತ್ತಿರುವುದರಿಂದ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ವಾಹಿನಿಗಳ ಜೊತೆಗೆ ಸಿಎಟಿ ಕೋಷ್ಟಕವನ್ನೂ (ಅನುಮತಿ ಸಂದೇಶಗಳು ಎಲ್ಲಿವೆ ಎಂದು ತಿಳಿಸುವ ಪಟ್ಟಿ) ಅದು ಸೂಚಿಸುವ ಇಎಂಎಂ ಪಿಐಡಿಯನ್ನೂ (ಬಾಕ್ಸ್‌ಗಳಿಗೆ ಆ ಅನುಮತಿ ಸಂದೇಶಗಳನ್ನು ಒಯ್ಯುವ ಪ್ಯಾಕೆಟ್‌ಗಳು) ಸಾಧನ ಮುಂದಕ್ಕೆ ಕಳುಹಿಸುತ್ತಿದೆಯೇ ನೋಡಿ. ಹಳೆಯ ಬಾಕ್ಸ್‌ಗಳು ತಮ್ಮಲ್ಲಿರುವ ಅನುಮತಿಯ ಬಲದಿಂದ ಅವಧಿ ಮುಗಿಯುವವರೆಗೂ ನಡೆಯುವುದರಿಂದ ಮೊದಲ ದಿನಗಳಲ್ಲಿ ಈ ಕೊರತೆ ಕಾಣುವುದೇ ಇಲ್ಲ. ಅವಧಿ ಮುಗಿದಾಗ ಊರಿಗೆ ಊರೇ ಫೋನ್ ಮಾಡುತ್ತದೆ. ಹಾಗೆಯೇ ಎನ್‌ಐಟಿ ಕೋಷ್ಟಕದಲ್ಲಿ (ಬಾಕ್ಸ್‌ಗೆ ಫ್ರೀಕ್ವೆನ್ಸಿಗಳನ್ನು ತಿಳಿಸುವ ಪಟ್ಟಿ) ಬೆಂಗಳೂರಿನ ಫ್ರೀಕ್ವೆನ್ಸಿಗಳಲ್ಲ, ನೀವು ಹೊರಬಿಡುತ್ತಿರುವ ಫ್ರೀಕ್ವೆನ್ಸಿಗಳಿರಬೇಕು. ಹೊಸ ಬಾಕ್ಸ್ ಒಂದನ್ನು ಸಾಧನಕ್ಕೆ ನೇರವಾಗಿ ಜೋಡಿಸಿ, ಹೆಡ್‌ಎಂಡ್‌ನವರಿಂದ ಆಕ್ಟಿವೇಷನ್ ಕಳುಹಿಸಲು ಹೇಳಿ. ಅದು ತಾನಾಗಿಯೇ ವಾಹಿನಿಗಳನ್ನು ಹುಡುಕಿಕೊಂಡು ಪೇ ವಾಹಿನಿಯನ್ನು ತೆರೆದರೆ ಮಾತ್ರ ಸಾಧನವನ್ನು ಊರಿನ ಟ್ರಂಕ್ ಲೈನಿಗೆ ಕೊಡಿ.